ಮಾವನ ಕಾರಿಗೆ ಎಷ್ಟು ಲೀಟರ್?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೈಲ್ ಮುಹೂರ್ತ ಹಬ್ಬದ ಹಿಂದಿನ ದಿನ ನಮ್ಮ ಮಾವನ ಮೈಮೇಲೆ ಒಂದು ಪಾತ್ರೆ ಹಳೇ ಇಂಜಿನ್ ಆಯಿಲ್ ಚೆಲ್ಲಿದ್ದು ನನ್ನ ಬಾಯಿಯ ದೆಸೆಯಿಂದ. ಕೈ ಹಚ್ಚಲಿಲ್ಲ, ಕಾಲು ತಾಗಿಸಲಿಲ್ಲ, ಬರೀ ಬಾಯಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅಂತ ನನಗೆ ಅನ್ನಿಸಿದ್ದು ಅದೊಂದೇ ಸಲ. ಪಿಯುಸಿ ಫಲಿತಾಂಶದ ದಿನ ಹಾಗೆ ಅನ್ನಿಸಿದ್ದು ಅಮ್ಮನಿಗೆ.

ಮಾವ ಎಂದರೆ ಅಮ್ಮನ ಅಣ್ಣ. ಮಾದಾಪುರದ ಹತ್ತಿರ ಕಾಫಿ ತೋಟ. ಇಡೀ ಕೊಡಗಿನಲ್ಲಿ ಸ್ಪೋರ್ಟ್ಸ್ ಕಾರನ್ನು ಅತಿ ಹೆಚ್ಚು ಪ್ರೀತಿಸುವವರೂ ಇವರೇ, ಅತಿ ಕಡಿಮೆ ಓಡಿಸುವವರೂ ಇವರೇ. ಎರಡೇ ಬಾಗಿಲಿನ ಕೆಂಪು ಕಾರು. ಅದರಡಿ ನುಸುಳಬೇಕಾದರೆ ಕೋಳಿಯೂ ತಲೆ ಬಗ್ಗಿಸಬೇಕು. ತೋಟದ ರಸ್ತೆಯೋ, ಜೀಪೇ ಒಮ್ಮೊಮ್ಮೆ ನಿಂತು ಯೋಚನೆ ಮಾಡುವಂಥದ್ದು. ಹನ್ನೆರಡು ವರ್ಷದಲ್ಲಿ ಆ ಕಾರು ಗೇಟು ದಾಟಿದ್ದು ನಾಲ್ಕು ಸಲ. ಪ್ರತಿ ಸಲವೂ ಆಳುಗಳು ಮುಂದೆ ಮುಂದೆ ಹಲಗೆ ಹಾಸುತ್ತ ನಡೆದರು, ಹಿಂದಿನ ಹಲಗೆ ಎತ್ತಿ ಮುಂದಕ್ಕೆ ತಂದರು. ಟಾರು ರಸ್ತೆ ಕಾಣಿಸುವ ಹೊತ್ತಿಗೆ ಅವರ ಊಟದ ಸಮಯವಾಯಿತು. ಎಲ್ಲರೂ ವಾಪಸ್.

ಇಂಥ ಕಾರಿಗೆ ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಲೇಬೇಕು!

"ಓಡದ ಕಾರಿಗೆ ಎಂತಕ್ಕೆ ಹೊಸ ಆಯಿಲ್ಲು?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ನಿಂತಲ್ಲೇ ನಿಂತ್ರೂ ಹಳತಾಗ್ತದೆ. ನಿಂಗೆ ವಯಸ್ಸಾಗಿದ್ದು ಓಡಿಯಾ?"

ಆ ದಿನ ಮಾವನಿಗೆ ಮಧ್ಯಾಹ್ನದ ಊಟ ತಡವಾಯಿತೆಂದು ಕೇಳಿದ್ದೇನೆ.

ಕಾರು ಗ್ಯಾರೇಜಿಗೆ ಹೋಗಲಾರದು, ಹಾಗಾಗಿ ಗ್ಯಾರೇಜೇ ಕಾರಿನ ಬಳಿ ಬರುತ್ತಿತ್ತು. ಗ್ಯಾರೇಜು ಎಂದರೆ ಸುಂಟಿಕೊಪ್ಪದ ಮೇಸ್ತ್ರಿ. ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆ, ದನಿ ಮಾತ್ರ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ನೆಗಡಿಯಾದಂತೆ. ಏನು ಕೇಳಿದರೂ "ಪದುಕ್ಕೆ ಸಾರೇ, ಪದುಕ್ಕೆ" ಎಂದೇ ಶುರು. ನಿಧಾನ ಮಾಡಿ ಅಂತ ಅರ್ಥ. ನಮ್ಮಲ್ಲಿ ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿಗಳನ್ನು ಉಜ್ಜಿ ಪೂಜೆಗೆ ಇಡುತ್ತಾರಲ್ಲ, ಮಾವ ಕೋವಿಗಳ ಜೊತೆ ಕಾರಿಗೂ ಹೂ ಇಟ್ಟು ಕೈಮುಗಿಯುತ್ತಾರೆ. ಹಿಂದಿನ ದಿನ ಮೇಸ್ತ್ರಿ ಬಂದು ಆಯಿಲ್ ಬದಲಾಯಿಸಬೇಕು. ಒಂದು ಗಂಟೆಯ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹಿಡಿದರೆ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಮೇಸ್ತ್ರಿ ಕಾರಿನಡಿ ಮಲಗಿ ಮಾತಾಡುವುದು, ಮಾವ ಮೋಟು ಸ್ಟೂಲಿನ ಮೇಲೆ ಕೂತು ಬಾನೆಟ್ಟಿಗೆ ಉತ್ತರ ಹೇಳುವುದು.

ನಾನು ಮೈಸೂರಿನಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಅತ್ತೆ, ತೋಟದ ಲೆಕ್ಕ ಬರೆಯುವ ರೈಟರು, ಬಸ್ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನಗೊಂದು ಸ್ವಂತ ದನಿ ಇದೆಯೋ ಇಲ್ಲವೋ ಎಂಬುದು ಅತ್ತೆಯ ಹಳೇ ಅನುಮಾನ.

ಯುಗಾದಿಯ ನಂತರ ಮೊದಲ ಸಲ ಹಬ್ಬಕ್ಕೆಂದು ಹೋದರೆ, ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಮಾವ ಹಳೇ ಚಡ್ಡಿ ತೊಟ್ಟು ನಿಂತಿದ್ದಾರೆ.

"ಮೇಸ್ತ್ರಿ ಎಲ್ಲಿ ಮಾವ?"

"ಬರಲ್ಲ. ನಾನೇ ಮಾಡ್ತೀನಿ."

ನನಗೆ ಸಿಡಿಲು ಬಡಿದಂತಾಯಿತು. ಈ ಮನುಷ್ಯ ಟಾರ್ಚಿಗೆ ಸೆಲ್ ಹಾಕಬೇಕಾದರೂ ಅತ್ತೆಯನ್ನು ಕರೆಯುತ್ತಾರೆ.

"ಬೇರೆ ಮೆಕ್ಯಾನಿಕ್ ಕರೆಸೋಣ," ಎಂದೆ.

"ಬೇರೆ ಕೈ ಇದ್ರ ಮೇಲೆ ಬೀಳ್ಬಾರ್ದು," ಎಂದವರೇ ಮುಖ ತಿರುಗಿಸಿದರು.

ಕಾರನ್ನು ಎತ್ತರಿಸಬೇಕಲ್ಲ? ಮಾವ ಕಾಫಿ ಹೊಟ್ಟು ತುಂಬಿದ ನಾಲ್ಕು ಚೀಲ ಇಟ್ಟು, ಮೇಲೆ ಹಲಗೆ ಹಾಸಿ ಕಾರು ಹತ್ತಿಸಿದರು. ಇಳಿದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ನಾವೆಲ್ಲ ನೋಡುತ್ತಿದ್ದಂತೆಯೇ ಕಾರು ಮೇಯ್ದು ಬಂದ ಎಮ್ಮೆಯ ಹಾಗೆ ಉಸ್ಸೆಂದು ಕೂತುಬಿಟ್ಟಿತು. ಚೀಲ ಒಡೆದ ಹೊಟ್ಟು ಮಾವನ ಮೀಸೆಯವರೆಗೂ ಬಂತು. ಎರಡನೇ ಸಲ ಸಿಲ್ವರ್ ಓಕ್ ದಿಮ್ಮಿಗಳು ಬಂದವು. ಕಾರು ನಿಂತಿತು. ಅಷ್ಟರಲ್ಲಿ ಅತ್ತೆಗೆ ಇನ್ನೊಂದು ಆಘಾತ: ಆಯಿಲ್ ಹಿಡಿಯಲು ಮಾವ ಕೈಗೆತ್ತಿಕೊಂಡದ್ದು ಹಬ್ಬದ ಹಂದಿ ಕರಿ ಮಾಡುವ ದೊಡ್ಡ ಪಾತ್ರೆ.

"ನಾಳೆ ಕರಿ ಎಂಥದ್ರಲ್ಲಿ ಮಾಡ್ಲಿ? ಬಾನೆಟ್ಟಲ್ಲಾ?"

ಮಾವ ಕನ್ನಡಕ ಏರಿಸಿಕೊಂಡು ಪಾತ್ರೆ ಸಮೇತ ಕಾರಿನಡಿ ಮಾಯವಾದರು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ.

ಅಂಥ ಎರಡು ಪಾದ ಕಂಡರೆ ಮಿಮಿಕ್ರಿಯವನು ಸುಮ್ಮನಿರುತ್ತಾನೆಯೇ? ಆಯಿಲ್ ಬಸಿದು ಮುಗಿಯುವವರೆಗೆ ಕಾದೆ. ಜಗಲಿಯಲ್ಲಿದ್ದ ಹಳೇ ಚಪ್ಪಲಿ ಮೆಟ್ಟಿಕೊಂಡು, ಮೇಸ್ತ್ರಿಯಂತೆ ಎಡಗಾಲು ಎಳೆಯುತ್ತ ಕಾರಿನ ಬಳಿ ಹೋಗಿ, ಗಂಟಲನ್ನು ಪಲ್ಪರಿಗೆ ಹೊಂದಿಸಿದೆ.

"ಪದುಕ್ಕೆ ಸಾರೇ, ಪದುಕ್ಕೆ. ಇದಕ್ಕೆ ಏಳು ಲೀಟರ್ ಹಾಕ್ಬೇಕು, ಗೊತ್ತುಂಟಲ್ಲಾ?"

ಒಳಗೆ ತಲೆ ಬಡಿದ ಸದ್ದು, ಪಾತ್ರೆ ಮಗುಚಿದ ಸದ್ದು. ಮಾವ ಹೊರಬಂದರು. ಹಣೆಯಿಂದ ಹೊಟ್ಟೆಯವರೆಗೆ ಕಪ್ಪು, ನಡುವೆ ಎರಡು ಕಣ್ಣು. ನಾನು ನಗಲು ಬಾಯಿ ತೆರೆದಿದ್ದೆ.

"ಮೇಸ್ತ್ರಿ," ಎಂದರು ಮಾವ, "ಮಾತು ಬಂತಾ?"

ಆಮೇಲೆ ನನ್ನನ್ನು ನೋಡಿದರು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದೂ ನೋಡಿದರು. ಯಾರೂ ಇರಲಿಲ್ಲ.

ಬೈಯುತ್ತಾರೆಂದು ಕಾದೆ. ಮಾವ ಸ್ಟೂಲಿನ ಮೇಲೆ ಕೂತು, ಆಯಿಲ್ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು ವಿಷಯ ಹೇಳಿದರು. ಜೂನ್‌ನಲ್ಲಿ ಮೈಸೂರಿನಲ್ಲಿ ಮೇಸ್ತ್ರಿಗೆ ಆಪರೇಷನ್ ಆಗಿತ್ತು. ಗಂಟಲಲ್ಲಿ ಗಡ್ಡೆ. ಪ್ರಾಣ ಉಳಿಯಿತು, ದನಿ ಹೋಯಿತು. ಮಾತಿಲ್ಲದವನನ್ನು ಕಂಡು ಜನ ಅಯ್ಯೋ ಅನ್ನುವುದು ಬೇಡವೆಂದು ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತಿದ್ದರಂತೆ. ಯಾರಿಗೂ ಹೇಳಬೇಡಿ ಎಂದು ಮಾವನಿಗೆ ಚೀಟಿ ಬರೆದು ಕೊಟ್ಟಿದ್ದರಂತೆ. ಮಾವ ಅತ್ತೆಗೂ ಹೇಳಿರಲಿಲ್ಲ.

"ಮೆಷಿನ್ ಇಟ್ಟು ಮಾತಾಡಿಸ್ತೀವಿ ಅಂದಿದ್ರು ಡಾಕ್ಟ್ರು," ಎಂದರು ಮಾವ. "ದನಿ ಬಂದೇಬಿಡ್ತೇನೋ ಅಂದ್ಕೊಂಡೆ ಮಾರಾಯ. ನಾಲ್ಕು ಸಲ ಕರೆಯೋಕೆ ಹೋದೆ. ಬರಲ್ಲ ಅಂತ ತಲೆ ಆಡಿಸ್ತಾನೆ. ನಾಳೆ ಕಾರಿಗೆ ಹೂ ಇಡೋಕೂ ನಂಗೆ ಮನಸ್ಸಿಲ್ಲ."

ಬೈಕ್ ತೆಗೆದುಕೊಂಡು ಸುಂಟಿಕೊಪ್ಪಕ್ಕೆ ಹೋದೆ. ಬಾಗಿಲು ತೆರೆದ ಮೇಸ್ತ್ರಿಯ ಕುತ್ತಿಗೆಗೆ ತೆಳುವಾದ ಬಟ್ಟೆ ಕಟ್ಟಿತ್ತು. ನಿಂತಲ್ಲೇ ಎಲ್ಲ ಹೇಳಿದೆ: ಚಪ್ಪಲಿ, ಕಾಲೆಳೆತ, ಏಳು ಲೀಟರು, ಮಾವ ಕೇಳಿದ ಪ್ರಶ್ನೆ. ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಅದು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಮೇಸ್ತ್ರಿ ಬಹಳ ಹೊತ್ತು ನನ್ನ ಗಂಟಲನ್ನೇ ನೋಡಿದರು. ಒಳಗೆ ಹೋಗಿ ಸ್ಪ್ಯಾನರ್ ಚೀಲ ತಂದು ಬೈಕಿನ ಹಿಂದೆ ಕೂತರು.

ಕಣದಲ್ಲಿ ಮಾವ ಎದ್ದು ನಿಂತರು. ಮೇಸ್ತ್ರಿ ಬಗ್ಗಿ ಕಾರಿನಡಿ ನೋಡಿ, ದಿಮ್ಮಿ ನೋಡಿ, ಹಂದಿ ಕರಿಯ ಪಾತ್ರೆ ನೋಡಿ ಹಣೆ ಚಚ್ಚಿಕೊಂಡರು. ಆಮೇಲೆ ಚೆಲ್ಲಿದ್ದ ಆಯಿಲಿನಲ್ಲಿ ಬೆರಳದ್ದಿ ಕಣದ ಸಿಮೆಂಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದರು.

ಪಾತ್ರೆ ಮಗುಚಿದಾಗ ಬಿದ್ದ ಮಾವನ ಕನ್ನಡಕ ಆಯಿಲಿನಲ್ಲಿ ಮುಳುಗಿತ್ತು. "ಎಂತ ಬರ್ದಿದಾನೆ? ಓದೋ," ಎಂದರು.

ಓದಲು ಬಾಯಿ ತೆರೆದೆ. ಮೇಸ್ತ್ರಿ ಸ್ಪ್ಯಾನರಿನಿಂದ ನೆಲಕ್ಕೆ ಟಕ್ಕೆಂದು ಕುಟ್ಟಿ ತಡೆದರು. ಮೊದಲು ತಮ್ಮ ಕುತ್ತಿಗೆಯ ಬಟ್ಟೆ ಮುಟ್ಟಿದರು, ಆಮೇಲೆ ನನ್ನ ಗಂಟಲು ತೋರಿಸಿದರು. ಹೂಂ, ಎಂಬಂತೆ ತಲೆಯಾಡಿಸಿದರು.

ಮಾವ ಬಾನೆಟ್ಟಿನ ಕಡೆ ತಿರುಗಿ ಸ್ಟೂಲಿನ ಮೇಲೆ ಕೂತರು. ನಾನು ಗಂಟಲು ಹೊಂದಿಸಿಕೊಂಡು, ಒಂದಕ್ಷರವನ್ನೂ ಬಿಡದೆ, ಮೇಸ್ತ್ರಿಯ ದನಿಯಲ್ಲಿ ಓದಿದೆ:

"ಪದುಕ್ಕೆ ಸಾರೇ. ಐದೂವರೆ ಲೀಟರ್. ಏಳು ಅಂತ ನಾನು ಜನ್ಮದಲ್ಲಿ ಹೇಳಿಲ್ಲ. ನನ್ನ ದನಿ ಕದ್ದವನು ಸ್ವಲ್ಪ ಬುದ್ಧೀನೂ ಕದೀಬೇಕಿತ್ತು."