ಪಂಪಣ್ಣನ ಪರೇಡು, ಪರದಾಟ

"ನೋಡಿದ್ರ ಹೈದ್ರಾಬಾದಿನ ಪರೇಡ ನೋಡಬೇಕು, ಅದೂ ಮುಂದಿನ ಸಾಲಿನಾಗ ನಿಂತು! ಹಿಂದ ನಿಂತು ಮಂದಿ ಹೆಡಕು ನೋಡೋ ಕುಲ ನಮ್ಮದಲ್ಲ!"

ಶಹಾಪುರದ ಕಾಳಿನ ವ್ಯಾಪಾರಿ ಪಂಪಣ್ಣ ಹೀಗಂತ ತೊಡೆ ತಟ್ಟಿ ಸಾರಿದ್ದು ಐವತ್ತೆರಡನೇ ಇಸವಿಯ ಜನವರಿಯಲ್ಲಿ. ನಿಜಾಮರ ಸೀಮೆ ಭಾರತಕ್ಕೆ ಸೇರಿ ಮೂರು ವರ್ಷ ದಾಟಿತ್ತು. ಇಪ್ಪತ್ತಾರಕ್ಕೆ ಹೈದರಾಬಾದಿನಲ್ಲಿ ಗಣರಾಜ್ಯದ ಭಾರೀ ಮೆರವಣಿಗೆ ಅಂತ ಸುದ್ದಿ ಬಂದಿತ್ತು.

"ಅಷ್ಟು ಮಂದ್ಯಾಗ ನಿಮಗೇನ್ ಕಾಣ್ತದ್ರಿ?" ಅಂದಳು ಹೆಂಡತಿ ಕಲ್ಯಾಣಮ್ಮ. ಪಂಪಣ್ಣನ ಎತ್ತರ ಆಕೆಗಿಂತ ಎರಡು ಬೆರಳು ಕಮ್ಮಿ.

"ಆನಿ, ಕುದ್ರಿ, ತೋಪು, ಒಂದೂ ಬಿಡದಂಗ ನೋಡಿ ಬಂದು ಹೇಳ್ತೀನಿ. ಬಜಾರಕ್ಕ ಬಜಾರೇ ಕೇಳಬೇಕು!"

ಜೋಡಿಗೆ ಹೊರಟವನು ಬಾಲ್ಯದ ಗೆಳೆಯ, ದರ್ಜಿ ನಬಿಸಾಬ. ಯಾದಗೀರತನಕ ಬಸ್ಸು, ವಾಡಿತನಕ ಒಂದು ರೈಲು, ಅಲ್ಲಿಂದ ಇನ್ನೊಂದು. ಹೈದರಾಬಾದು ಮುಟ್ಟಿ, ಬೆಳಿಗ್ಗೆ ಮೈದಾನದ ರಸ್ತೆಗೆ ಬಂದು ನೋಡಿದರೆ ಜನ ಹುಲುಸಾದ ಜೋಳದ ಹೊಲದ ಹಾಗೆ ಒತ್ತಾಗಿ ನಿಂತಿದ್ದಾರೆ! ಪಂಪಣ್ಣ ತುದಿಗಾಲಲ್ಲಿ ನಿಂತ, ಹಾರಿದ, ನಬಿಸಾಬನ ಹೆಗಲಿಗೆ ಜೋತುಬಿದ್ದ. ಕಂಡದ್ದು ಮಾತ್ರ ಹೆಡಕು, ಹೆಡಕು, ಬರೀ ಹೆಡಕು!

"ಕುಲ ಏನಾತೋ ಪಂಪಣ್ಣ?" ಅಂದ ನಬಿಸಾಬ.

ಆಗಲೇ ಪಕ್ಕದ ಓಣಿಯಲ್ಲಿ ಒಂದು ಲಾರಿ ಕಣ್ಣಿಗೆ ಬಿತ್ತು. ಸುತ್ತಲೂ ಜೋಳದ ದಂಟು ಕಟ್ಟಿ ಸಿಂಗರಿಸಿದ್ದರು. ಮೇಲೆ ಒಂದು ನೇಗಿಲು ಬಿಟ್ಟರೆ ನರಪಿಳ್ಳೆಯೂ ಇಲ್ಲ!

"ಏರೋ ನಬಿ! ಮುಂದಿನ ಸಾಲಲ್ಲ, ಮ್ಯಾಲಿನ ಸಾಲೇ ಸಿಕ್ತು!"

ಇಬ್ಬರೂ ಹತ್ತಿ ಕೂತು ಉಸಿರು ಬಿಡುವಷ್ಟರಲ್ಲಿ ಕೋಟು ಹಾಕಿದ ಸರಕಾರಿ ಮನುಷ್ಯನೊಬ್ಬ ಕಾಗದ ಹಿಡಿದು ಓಡಿ ಬಂದ.

"ಗುಲಬರ್ಗಾ ಜಿಲ್ಲಾದವ್ರೇನು?"

"ಹೌದ್ರಿ. ಶಹಾಪುರ."

"ಶುಕರ್! ಎಷ್ಟೊತ್ತು ಕಾಯಿಸಿದ್ರಿ? ರೈತ್ರು ನೀವೇ ಹೌದಲ್ಲ?"

"ಇಲ್ರಿ, ನಾ ಬಟ್ಟಿ ಹೊಲಿಯಾ..." ಅಂತ ನಬಿಸಾಬ ಬಾಯಿ ತೆರೆದ. ಪಂಪಣ್ಣ ಅವನ ಕಾಲು ತುಳಿದ. ಇಲ್ಲ ಅಂದರೆ ಕೆಳಗಿಳಿಸುತ್ತಾರೆ, ಮತ್ತೆ ಹೆಡಕೇ ಗತಿ!

"ಹೌದ್ರಿ ಸಾಹೇಬ್ರ, ಹುಟ್ಟಾ ರೈತ್ರು! ನಮ್ಮ ಮುತ್ಯಾ ಹುಟ್ಟಿದ್ದೇ ಹೊಲದಾಗ!"

"ಹಂಗಾದ್ರ ಅಂಗಿ ಬಿಚ್ರಿ. ನೇಗಿಲು ಹಿಡೀರಿ!"

ಪಂಪಣ್ಣ ಹುಟ್ಟಿದಾಗಿನಿಂದ ಹಿಡಿದದ್ದು ತಕ್ಕಡಿ ಒಂದೇ. ಜನವರಿಯ ಚಳಿಗೆ ಬರಿಮೈಯಲ್ಲಿ ಗಡಗಡ ನಡುಗುತ್ತ ನೇಗಿಲನ್ನೂ ತಕ್ಕಡಿಯ ಹಾಗೇ ಎತ್ತಿ ಹಿಡಿದ!

"ಯಾ ಊರಾಗ ಹಿಂಗ ಹಿಡೀತಾರ್ರಿ?" ಸಾಹೇಬ ಕಣ್ಣು ಕೆಕ್ಕರಿಸಿದ.

"ಶಹಾಪುರದಾಗ ಹಿಂಗೇ ರಿ. ಕರಿ ಮಣ್ಣು ನೋಡ್ರಿ!"

ಸಾಹೇಬನಿಗೆ ವಾದಕ್ಕೆ ಪುರಸೊತ್ತಿರಲಿಲ್ಲ. ನೇಗಿಲನ್ನು ತಾನೇ ಲಾರಿಯ ಹಲಗೆಗೆ ಊರಿ ಪಂಪಣ್ಣನನ್ನು ಅದರ ಮೇಲೆ ಬಗ್ಗಿಸಿದ. ನಬಿಸಾಬನ ತೋಳಿಗೆ ಇಷ್ಟೆತ್ತರದ ದಂಟಿನ ಹೊರೆ ಕೊಟ್ಟ. "ನೀವು ಗೊಂಬಿ ಇದ್ದಂಗ. ಕಣ್ಣು ನೇಗಿಲಿನ ಮ್ಯಾಲೇ ಇರಬೇಕು. ತಲಿ ಎತ್ತಿದ್ರ ಅಲ್ಲೇ ಇಳಿಸಿ ಪೊಲೀಸರ ಕೈಯಾಗ ಕೊಡ್ತೀನಿ!" ಅಂದವನೇ ದಂಟಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತ.

ಲಾರಿ ಗುರ್ರ್ ಅಂದಿತು. ಮೆರವಣಿಗೆಯೊಳಗೆ ನುಗ್ಗಿತು!

ಮುಂದೆ ಬ್ಯಾಂಡು ಬಾರಿಸಿತು, ಪಂಪಣ್ಣ ನೇಗಿಲು ನೋಡಿದ. ಪಕ್ಕದಲ್ಲಿ ಕುದುರೆಗಳು ಕೆನೆದವು, ನೇಗಿಲು ನೋಡಿದ. ತೋಪು ಢಂ ಅಂದಾಗ ಎದೆ ಹಾರಿತು, ಕಣ್ಣು ಮಾತ್ರ ನೇಗಿಲಿನ ಮೇಲೇ! ನೆತ್ತಿಯ ಮೇಲೆ ವಿಮಾನ ಭರ್ರನೆ ಹಾದುಹೋದಾಗ ತಡೆಯಲಾರದೆ ಗದ್ದ ಒಂದಿಷ್ಟು ಎತ್ತಿದ.

"ನೇಗಿಲು! ನೇಗಿಲು!" ದಂಟಿನ ಸಂದಿಯಿಂದ ಸಾಹೇಬ ಹಾವಿನಂತೆ ಬುಸುಗುಟ್ಟಿದ.

"ನಬಿ, ನಿನಗೇನರ ಕಾಣಾಕತ್ತದೇನೋ?" ಪಂಪಣ್ಣ ತುಟಿ ಅಲುಗಿಸದೆ ಕೇಳಿದ.

"ಕಾಣಾಕತ್ತದ. ದಂಟು."

ಲಾರಿ ಇಬ್ಬರನ್ನೂ ಊರಾಚೆ ಇಳಿಸಿತು. ಅಂಗಿ ತೊಟ್ಟು, ನೆಟ್ಟಗಾಗದ ನಡು ಹಿಡಿದುಕೊಂಡು ಮೈದಾನಕ್ಕೆ ಮರಳಿದರೆ ಪರೇಡು ಮುಗಿದಿತ್ತು. ಕಸ ಗುಡಿಸುತ್ತಿದ್ದರು. ಪಂಪಣ್ಣನಿಗೆ ಅಳುವೇ ಬಂತು. ಬಜಾರು ಕಾಯುತ್ತಿದೆ, ಕಲ್ಯಾಣಮ್ಮ ಕಾಯುತ್ತಿದ್ದಾಳೆ!

"ಏನಂತ ಹೇಳ್ಲೋ ನಬಿ?"

"ನೇಗಿಲು ಭಾಳ ಚೊಲೋ ಇತ್ತಂತ ಹೇಳು!"

ರಸ್ತೆಯ ಬದಿ ಶೇಂಗಾ ಮಾರುವ ಹೆಂಗಸೊಬ್ಬಳು ಬುಟ್ಟಿ ಎತ್ತುತ್ತಿದ್ದಳು. ಮಾತು ಕೇಳಿದರೆ ಗುರುಮಠಕಲ್ ಕಡೆಯವಳು. ಪಂಪಣ್ಣ ಒಂದು ಸೇರು ಶೇಂಗಾ ಕೊಂಡು, ಮೆಲ್ಲಗೆ ಕೇಳಿದ.

"ಅವ್ವಾ, ನಾವು ಬರೂದು ತಡಾ ಆತು. ಪರೇಡದಾಗ ಏನೇನಿತ್ತು?"

"ಅಯ್ಯ, ಏನಿತ್ತು ಏನಿಲ್ಲ! ಮೂರು ಆನಿ ಬಂದುವು. ಬಿಳಿ ಕುದ್ರಿ ಬಂದುವು. ಆಕಾಶದಾಗ ಇಮಾನ ಹೋದುವು."

ಪಂಪಣ್ಣ ಬೆರಳು ಮಡಚಿ ಮಡಚಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ. ಊರಿಗೆ ಇಷ್ಟು ಸಾಕು, ಮಾನ ಉಳಿಯಿತು!

"ಅದೆಲ್ಲಾ ಬಿಡ್ರಿ ಅಣ್ಣಾರ," ಆಕೆ ಬುಟ್ಟಿ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಲಾರಿ ಮ್ಯಾಲೆ ಒಬ್ಬ ರೈತನ್ನ ನಿಲ್ಲಿಸಿದ್ರು. ಅವನ್ನ ನೋಡಬೇಕಿತ್ತು ನೀವು!"

ಪಂಪಣ್ಣನ ಎದೆ ಉಬ್ಬಿತು. ಗೆಳೆಯನನ್ನು ಮೊಳಕೈಯಿಂದ ತಿವಿದು ಕೇಳಿದ, "ಹೌದಾ? ಹ್ಯಾಂಗಿದ್ದವ್ವಾ ಅಂವಾ?"

"ಕೈಯಾಗ ನೇಗಿಲು, ಅದರ ಮ್ಯಾಲೆ ಗುಡಾಣದಂಥಾ ಹೊಟ್ಟಿ! ನಾವು ಬೆಳೆದ ಜ್ವಾಳ ಯಾರ ಹೊಟ್ಟಿಗೆ ಹೋಗ್ತದಂತ ಸರಕಾರದವ್ರು ಖುಲ್ಲಾ ತೋರಿಸಿಬಿಟ್ರು ನೋಡ್ರಿ!"