ಬಾಗಿಲಿಗೆ ಸದಾಕಾಲ ಪೊರಕೆ ಒರಗಿಸುವ ಬಗ್ಗೆ

ದಿಮ್ಮಿ ಮನೆಗಳ ಭದ್ರತಾ ಇಲಾಖೆ
ಜಿಲ್ಲಾ ಕಚೇರಿ, ನದಿಯ ಬಲದಂಡೆ

ಸುತ್ತೋಲೆ ಸಂಖ್ಯೆ: ದಿಮಭ/ಪೊರಕೆ/ಪರಿಷ್ಕೃತ
ದಿನಾಂಕ: ಮೊದಲ ಹಿಮ ಬಿದ್ದ ನಂತರದ ಸೋಮವಾರ

ವಿಷಯ: ಲೊಮ್ವಾ ಗ್ರಾಮದ ಮರದ ದಿಮ್ಮಿಯ ಮನೆಗಳನ್ನು ಕಳ್ಳರಿಂದ ರಕ್ಷಿಸುವ ಬಗ್ಗೆ, ಹಾಗೂ ಸದರಿ ಗ್ರಾಮದ ನಿವಾಸಿ ಅಗ್ರಾಫೆನಾ ಸವ್ವಿಚ್ನಾ ಅವರ ಮೊಂಡುತನದ ಬಗ್ಗೆ.

ಉಲ್ಲೇಖ: ಈ ಕಚೇರಿಯ ಹಿಂದಿನ ಸುತ್ತೋಲೆ (ಗ್ರಾಮದ ಅಂಗಡಿಯಲ್ಲಿ ಒಣಮೀನು ಕಟ್ಟಿಕೊಡಲು ಬಳಸಲಾದದ್ದು).

೧. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಲೊಮ್ವಾ ಗ್ರಾಮಸ್ಥರು ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಮನೆಗೆ ಬೀಗ ಹಾಕದಿರುವುದು, ಹೊರಗೆ ಹೋಗುವಾಗ ಬಾಗಿಲಿಗೆ ಒಂದು ಪೊರಕೆ ಒರಗಿಸಿ ಹೋಗುವುದು, ಹಾಗೂ ಪೊರಕೆ ಕಂಡ ಮನೆಯೊಳಗೆ ಊರಿನ ಒಂದು ನರಪಿಳ್ಳೆಯೂ ಕಾಲಿಡದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇದರಿಂದಾಗಿ ಇದುವರೆಗೆ ಒಂದೂ ಕಳ್ಳತನ ನಡೆದಿಲ್ಲವೆಂಬ ಗ್ರಾಮಸ್ಥರ ವಾದವನ್ನು, ಅದಕ್ಕೆ ಇಲಾಖೆಯ ಪೂರ್ವಾನುಮತಿ ಇಲ್ಲದ ಕಾರಣ, ಪರಿಗಣಿಸಲಾಗಿಲ್ಲ.

೨. ಮನೆಯಲ್ಲಿ ಯಾರೂ ಇಲ್ಲವೆಂದು ಪೊರಕೆಯೇ ಕಳ್ಳನಿಗೆ ಹೇಳಿಕೊಡುತ್ತದಾದ್ದರಿಂದ, ಆತನನ್ನು ಗೊಂದಲಕ್ಕೆ ಈಡುಮಾಡುವ ಸದುದ್ದೇಶದಿಂದ, ಮನೆಯವರು ಒಳಗಿದ್ದಾಗಲೂ ಬಾಗಿಲಿಗೆ ಪೊರಕೆ ಒರಗಿಸಿಯೇ ಇರತಕ್ಕದ್ದೆಂದು ಹಿಂದಿನ ಸುತ್ತೋಲೆಯಲ್ಲಿ ಆದೇಶಿಸಲಾಗಿತ್ತು. ಒಳಗಿರುವವರು ಹೊರಗಡೆ ಪೊರಕೆ ಒರಗಿಸುವುದು ಹೇಗೆಂಬ ಕುಚೋದ್ಯದ ಪ್ರಶ್ನೆಗೆ, ಕಿಟಕಿಯ ಮೂಲಕ ಎಂದು ಉತ್ತರಿಸಲಾಗಿದೆ.

೩. ಸದರಿ ಆದೇಶದ ಅನುಷ್ಠಾನದಲ್ಲಿ ಕಂಡುಬಂದ ಲೋಪಗಳ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಸ್ಪಷ್ಟೀಕರಿಸಲಾಗಿದೆ:

(ಅ) ಕಸ ಗುಡಿಸುವ ಪೊರಕೆ ಬೇರೆ, ಭದ್ರತಾ ಪೊರಕೆ ಬೇರೆ. ಭದ್ರತಾ ಪೊರಕೆಯಿಂದ ಹಿಮ ಗುಡಿಸುವುದು ಕರ್ತವ್ಯಲೋಪವಾಗುತ್ತದೆ.

(ಆ) ಹೊಗೆಗೂಡಿನಿಂದ ಹೊಗೆ ಬಂದರೆ ಮನೆಯಲ್ಲಿ ಜನರಿರುವುದು ಗೊತ್ತಾಗಿಬಿಡುತ್ತದೆ. ಬಾರದಿದ್ದರೆ ಇಲ್ಲದಿರುವುದು ಗೊತ್ತಾಗಿಬಿಡುತ್ತದೆ. ಆದುದರಿಂದ ಹೊಗೆಯನ್ನು ಸಾಧಾರಣ ಪ್ರಮಾಣದಲ್ಲಿ ಬಿಡತಕ್ಕದ್ದು.

(ಇ) ಕಳ್ಳರು ಗೋಡೆಯ ದಿಮ್ಮಿಯನ್ನೇ ಎಳೆದುಕೊಂಡು ಹೋಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಪ್ರತಿದಿನ ಎದ್ದ ಕೂಡಲೇ ಮನೆಯ ದಿಮ್ಮಿಗಳೆಲ್ಲ ಇದ್ದಲ್ಲಿಯೇ ಇವೆಯೇ ಎಂದು ಪರಿಶೀಲಿಸತಕ್ಕದ್ದು. ಇಲ್ಲದಿದ್ದಲ್ಲಿ, ಮೇಲ್ಛಾವಣಿ ಬೀಳುವ ಮೊದಲೇ ಲಿಖಿತವಾಗಿ ತಿಳಿಸತಕ್ಕದ್ದು.

(ಈ) ಅಪರಿಚಿತರನ್ನು ಕಂಡು ಬಾಲ ಅಲ್ಲಾಡಿಸುವ ನಾಯಿಗಳಿಗೆ ಮಾಲೀಕರು ತಿಳಿವಳಿಕೆ ಹೇಳತಕ್ಕದ್ದು.

೪. ಹೀಗಿರುವಲ್ಲಿ, ಕಳೆದ ವಾರ ನಡೆದ ಒಂದು ಘಟನೆಯನ್ನು ಹಿಡಿದುಕೊಂಡು ಕೆಲವರು ಇಲಾಖೆಯ ಮೇಲೆ ಗೂಬೆ ಕೂರಿಸುತ್ತಿರುವುದು ವಿಷಾದನೀಯ. ನಡೆದ ಸಂಗತಿ ಇಷ್ಟು: ಒಂಟಿಯಾಗಿ ವಾಸಿಸುವ ಅಗ್ರಾಫೆನಾ ಸವ್ವಿಚ್ನಾ ಅವರು ನಿಯಮಾನುಸಾರ ಪೊರಕೆ ಒರಗಿಸಿ, ಉಪ್ಪಿನಲ್ಲಿಟ್ಟ ಅಣಬೆ ತರಲು ಅಡುಗೆಮನೆಯ ಕೆಳಗಿನ ನೆಲಮಾಳಿಗೆಗೆ ಇಳಿಯುವಾಗ ಏಣಿ ಮುರಿದುಬಿದ್ದು, ಪಾದದ ಮೂಳೆ ಮುರಿದುಕೊಂಡು, ಮಾರನೆಯ ದಿನದವರೆಗೂ ಅಲ್ಲಿಯೇ ಉಳಿದಿರುತ್ತಾರೆ. ಈ ಅವಧಿಯಲ್ಲಿ ಗ್ರಾಮಸ್ಥರು ಒಬ್ಬರ ಹಿಂದೆ ಒಬ್ಬರು ಬಂದು, ಪೊರಕೆಯನ್ನು ಕಂಡು, ಶಿಸ್ತಿನಿಂದ ಹಿಂತಿರುಗಿರುತ್ತಾರೆ. ಇವರ ನಡತೆಯನ್ನು ಇಲಾಖೆ ಶ್ಲಾಘಿಸುತ್ತದೆ.

೫. ಆಗ್ಗೆ ಪಟ್ಟಣದ ರೊಡಿಯೋನ್ ಎಂಬಾತ ಕಳ್ಳತನದ ಉದ್ದೇಶದಿಂದ, ಹಿಮದ ಮೇಲೆ ಜಾರುಬಂಡಿ ಎಳೆದುಕೊಂಡು, ಹಾಡುಹಗಲೇ ಗ್ರಾಮವನ್ನು ಪ್ರವೇಶಿಸಿರುತ್ತಾನೆ. ಆತನ ಹೇಳಿಕೆ: "ಯಾವ ಮನೆ ನೋಡಿದ್ರೂ ಪೊರಕೆ ಇತ್ತು ಸ್ವಾಮಿ. ಊರಿಗೆ ಊರೇ ಮದುವೆಗೋ ಮಣ್ಣಿಗೋ ಹೋಗಿದೆ ಅಂದ್ಕೊಂಡೆ." ಆತನು ಗೊಂದಲಕ್ಕೆ ಈಡಾಗಿದ್ದನೆಂಬುದು ಇದರಿಂದ ರುಜುವಾತಾಗುತ್ತದೆ. ಆದೇಶದ ಉದ್ದೇಶವೂ ಅದೇ ಆಗಿತ್ತು.

೬. ಆರೋಪಿಯು ಅಗ್ರಾಫೆನಾ ಅವರ ಚಹಾ ಕಾಸುವ ಪಾತ್ರೆಯಾದ ಸಮೋವಾರನ್ನು ಜಾರುಬಂಡಿಗೆ ಏರಿಸಿ, ಗೋಡೆಯ ಮೂಲೆಯಲ್ಲಿದ್ದ ದೇವರ ಪಟಕ್ಕೆ ಕೈಹಾಕಿದಾಗ, ನೆಲದಡಿಯಿಂದ ಬಡಿಯುವ ಸದ್ದು ಕೇಳಿ, ಮುಚ್ಚಳ ಎತ್ತಿ, ಆಕೆಯನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ತಂದಿರುತ್ತಾನೆ. ಬಳಿಕ ತನ್ನ ತುಪ್ಪಳದ ಕೋಟು ಹೊದಿಸಿ, ಅದೇ ಜಾರುಬಂಡಿಯಲ್ಲಿ ಕೂರಿಸಿ, ಸಮೋವಾರನ್ನು ಆಕೆಯ ತೊಡೆಯ ಮೇಲಿಟ್ಟು, ಗ್ರಾಮದ ಚಿಕಿತ್ಸಾಲಯಕ್ಕೆ ಎಳೆದೊಯ್ದಿರುತ್ತಾನೆ. ಅಲ್ಲಿಯೂ ಬಾಗಿಲಿಗೆ ಪೊರಕೆ ಇತ್ತು, ದಾದಿಯು ಒಳಗಿದ್ದರು. ಆರೋಪಿಯು ಅದನ್ನೂ ಒದ್ದು ಒಳನುಗ್ಗಿದ್ದರಿಂದ ಆತನ ಮೇಲೆ ಎರಡನೆಯ ಅಕ್ರಮ ಪ್ರವೇಶದ ಆಪಾದನೆಯನ್ನೂ ಹೊರಿಸಲಾಗಿದೆ. ಸಮೋವಾರಿನ ಕಾರಣದಿಂದ ಆತನನ್ನು ಸ್ಥಳದಲ್ಲಿಯೇ ಬಂಧಿಸಲಾಗಿದೆ.

೭. ಮನೆಯ ಒಡತಿಯು ಶುಕ್ರವಾರ ಸಂಜೆಯೊಳಗೆ ದೂರಿಗೆ ಸಹಿ ಹಾಕದಿದ್ದಲ್ಲಿ ಆರೋಪಿಯನ್ನು ಬಿಡುಗಡೆ ಮಾಡಬೇಕಾಗುತ್ತದೆ. ಈ ಬಗ್ಗೆ ಚಿಕಿತ್ಸಾಲಯದಲ್ಲಿ ವಿಚಾರಿಸಲಾಗಿ ಅಗ್ರಾಫೆನಾ ಅವರು ನೀಡಿದ ಹೇಳಿಕೆಯನ್ನು, ಬೈಗುಳಗಳನ್ನು ಕೈಬಿಟ್ಟು, ದಾಖಲಿಸಲಾಗಿದೆ:

"ನಮ್ಮೂರೋರು ಕೆಟ್ಟೋರಲ್ಲಪ್ಪ. ಪಕ್ಕದ್ಮನೆ ಲುಕೇರ್ಯಾ ಮೀನು ತುಂಬಿದ ಬಿಸಿಬಿಸಿ ಪಿರೋಗ್ ರೊಟ್ಟಿ ತಂದಿದ್ಲು. 'ಇವಳ ಕಾಲು ಮನೇಲಿ ನಿಲ್ಲೋದೇ ಇಲ್ಲ' ಅಂತ ಬೈಕೊಂಡು ವಾಪಸ್ ಹೋಗಿದ್ದು ಗಾಳಿಕಿಂಡೀಲಿ ಕೇಳಿಸ್ತು. ಕೂಗಿ ಕೂಗಿ ನನ್ನ ದನಿ ಬಿದ್ದೋಗಿತ್ತು. ರಾತ್ರಿಯೆಲ್ಲ ಆ ಚಳೀಲಿ ಸತ್ತೇ ಹೋಗ್ತೀನಿ ಅಂತ ಹೆದರಿದ್ದೆ. ಆ ಪೊರಕೆ ತೆಗೆದೋನು ಇವನೊಬ್ನೇ. ಇವನ್ನ ಕಳ್ಳ ಅಂತ ನನ್ ಕೈಲಿ ಬರೆಸ್ತೀರಾ? ಸಮೋವಾರ್ ಬೇಕಿದ್ರೆ ಅವನೇ ಇಟ್ಕೊಳ್ಲಿ. ಅದ್ರಲ್ಲಿ ನಂಗೊಂದು ಲೋಟ ಚಹಾ ಕಾಸಿಕೊಟ್ಟು ಹೋದ್ರೆ ಸಾಕು."

೮. ಸದರಿ ಹೇಳಿಕೆಯು ಇಲಾಖೆಯ ಬುಡಕ್ಕೇ ಕೊಡಲಿ ಹಾಕುವಂತಿದೆ. ಗ್ರಾಮದ ಇತಿಹಾಸದಲ್ಲಿ ದೊರೆತಿರುವ ಕಳ್ಳ ಈತನೊಬ್ಬನೇ. ಈತನೂ ಕಳ್ಳನಲ್ಲವೆಂದಾದಲ್ಲಿ, ಈ ಕಚೇರಿ, ಇದರ ಮೇಜು ಕುರ್ಚಿಗಳು ಮತ್ತು ಅಧೀಕ್ಷಕರ ಹುದ್ದೆ ಯಾರ ವಿರುದ್ಧ ಮಂಜೂರಾಗಿವೆ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಇಂಥ ಪ್ರಶ್ನೆಗಳನ್ನು ಉದ್ಭವಿಸಗೊಡಬಾರದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

೯. ಆದ್ದರಿಂದ, ಇನ್ನು ಮುಂದೆ ನೆಲಮಾಳಿಗೆಗೆ ಬೀಳಲಿಚ್ಛಿಸುವ ನಿವಾಸಿಗಳು ಮುಂಚಿತವಾಗಿ ಪೊರಕೆಯನ್ನು ತೆಗೆದಿರಿಸಿ ಬೀಳತಕ್ಕದ್ದು. ಕಳ್ಳತನಕ್ಕೆ ಬಂದವರು ಕಳ್ಳತನವನ್ನಷ್ಟೇ ಮಾಡಿ ಹೊರಡತಕ್ಕದ್ದು. ಉಪಕಾರ ಮಾಡುವುದರಿಂದ ಮೊಕದ್ದಮೆ ದುರ್ಬಲವಾಗುತ್ತದೆ.

೧೦. ಅಗ್ರಾಫೆನಾ ಅವರು ಮನೆಗೆ ಮರಳಿದಂದಿನಿಂದ ಊರಿನವರು ಹಿತ್ತಲ ಬಾಗಿಲಿನಿಂದ ಬಂದುಹೋಗುತ್ತಿದ್ದು, ಮುಂಬಾಗಿಲಿಗೆ ಮಾತ್ರ ಪೊರಕೆ ಇರುತ್ತದೆ. ಸಹಿ ಪಡೆಯಲು ಹೋದ ನಮ್ಮ ಸಿಬ್ಬಂದಿಯು ಹುಟ್ಟಾ ಇದೇ ಗ್ರಾಮದವರಾದ್ದರಿಂದ, ಪೊರಕೆ ದಾಟಲು ಒಪ್ಪದೆ, ಹಿಮದಲ್ಲಿ ನಿಂತು ಬಂದಿರುತ್ತಾರೆ. ಒಳಗೆ ನಗು ಕೇಳಿಸುತ್ತಿತ್ತೆಂದು ವರದಿಯಾಗಿದೆ.

ಸಹಿ/-
ಅಧೀಕ್ಷಕರು
ದಿಮ್ಮಿ ಮನೆಗಳ ಭದ್ರತಾ ಇಲಾಖೆ

ಪ್ರತಿಗಳು:

೧. ಗ್ರಾಮದ ಪೊಲೀಸ್ ಪೇದೆ: ಆರೋಪಿಗೆ ಅಗ್ರಾಫೆನಾ ಅವರ ಮನೆಯಿಂದ ಊಟ ಬರುತ್ತಿರುವುದನ್ನು ನಿಲ್ಲಿಸಲು, ಹಾಗೂ ತಾವು ಅದರಲ್ಲಿ ಪಾಲು ಪಡೆಯುತ್ತಿರುವುದನ್ನು ನಿಲ್ಲಿಸಲು.

೨. ಚಿಕಿತ್ಸಾಲಯದ ದಾದಿ: ಬಾಗಿಲ ಹೊರಗಿನಿಂದ ಗಟ್ಟಿಯಾಗಿ ಓದಿ ಹೇಳಲಾಗಿದೆ.

೩. ನಾಯಿಗಳ ಮಾಲೀಕರು: ಸೂಕ್ತ ಕ್ರಮಕ್ಕಾಗಿ.

೪. ಶ್ರೀಮತಿ ಅಗ್ರಾಫೆನಾ ಸವ್ವಿಚ್ನಾ: ದೂರಿನ ಮೂಲಪ್ರತಿಯೊಂದಿಗೆ, ಸಹಿಗಾಗಿ. (ನಂತರ ಸೇರಿಸಿದ ಟಿಪ್ಪಣಿ: ಶುಕ್ರವಾರ ಮಧ್ಯಾಹ್ನ ಬಾಗಿಲ ಸಂದಿಯಿಂದ ಒಳಗೆ ತಳ್ಳಲಾಯಿತು. ಸಹಿಯಿಲ್ಲದೆ ಹೊರಗೆ ಬಂದಿತು. ಪುನಃ ತಳ್ಳಲಾಯಿತು. ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಕಚೇರಿಯಲ್ಲಿ ಬೇರೆ ಪ್ರತಿ ಇರುವುದಿಲ್ಲ.)