ಗಟ್ಟಿಮೇಳಕ್ಕೆ ಬ್ಯಾಗ್‌ಪೈಪ್

ನಾದಿನಿಯ ಮದುವೆಗೆ ವಾದ್ಯ ಗೊತ್ತುಮಾಡುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದವನು. ಸಮಯಪಾಲನೆಯಲ್ಲಿ ನನ್ನನ್ನು ಮೀರಿಸುವವರು ಪರ್ತ್‌ನಲ್ಲಿ ಇಲ್ಲವೆಂದೇ ನಂಬಿದ್ದೆ.

ನಾದಸ್ವರದವರು ಸಿಗಲಿಲ್ಲ. ರೆಕಾರ್ಡ್ ಹಾಕೋಣವೆಂದೆ.

"ಅಳಿಯಂದ್ರೇ, ತಾಳಿ ಕಟ್ಟೋವಾಗ ಒಂದು ಸೀನು, ಒಂದು ಅಪಶಕುನದ ಮಾತು ಕಿವಿಗೆ ಬೀಳಬಾರ್ದು. ಗಟ್ಟಿಮೇಳ ಇರೋದೇ ಅದಕ್ಕೆ. ಊದೋರನ್ನೇ ಕರ್ಸಿ," ಎಂದರು ಅತ್ತೆ. ಮೈಸೂರಿನ ನಿವೃತ್ತ ಇಂಗ್ಲಿಷ್ ಟೀಚರ್. ದನಿ ಏರಿಸಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಹೇಮಿಶ್ ಬ್ಯಾಗ್‌ಪೈಪ್ ಊದುತ್ತಾರೆ. ಮುತ್ತಜ್ಜ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ತಂದ ವಿದ್ಯೆ. ಹೇಮಿಶ್ ಅವರ ಮೊಮ್ಮಗಳು ಈಗ ಅದನ್ನೇ ಎಲೆಕ್ಟ್ರಿಕ್ ಗಿಟಾರ್ ಜೊತೆ ನುಡಿಸುತ್ತಾಳೆ.

"ಇದಕ್ಕೆ ಸಣ್ಣ ದನಿ ಅಂತ ಇಲ್ಲ, ಮೇಟ್," ಎಂದು ಅವರು ಎಚ್ಚರಿಸಿದರು.

"ನಮಗೆ ಬೇಕಾಗಿರೋದೇ ಅದು," ಎಂದೆ.

ನಮ್ಮ ಪದ್ಧತಿಯ ಸಂಜ್ಞೆ ಹೇಳಿಕೊಟ್ಟೆ: ನಾನು ಕೈ ಎತ್ತಿ ಬೀಸಿದರೆ ಊದಬೇಕು. ನಿಲ್ಲಿಸುವ ಸಂಜ್ಞೆ ಹೇಳಿಕೊಡಲಿಲ್ಲ.

ಮುಹೂರ್ತ ಹತ್ತು ನಲವತ್ತೆರಡಕ್ಕೆ. ಸರಿಯಾಗಿ ಹತ್ತೂವರೆಗೆ ಒಂದು ನೊಣ ನನ್ನ ಮೂಗಿನ ಮೇಲೆ ಕುಳಿತಿತು. ಪರ್ತ್‌ನ ನೊಣಕ್ಕೆ ನಾಚಿಕೆಯೆಂಬುದಿಲ್ಲ. ಕೈ ಬೀಸಿದೆ.

ಬ್ಯಾಗ್‌ಪೈಪ್ ಮೊಳಗಿತು. ಇಡೀ ಸಭೆ ಎದ್ದು ಅಕ್ಷತೆ ಎಸೆಯಿತು. ಬೇಡವೆಂದು ಎರಡೂ ಕೈ ಬೀಸಿದೆ. ಹೇಮಿಶ್ ಕೆನ್ನೆ ಕೆಂಪಾಗುವಂತೆ ಊದಿದರು. ಮದುಮಗ ತಾಳಿಗೆ ಕೈ ಹಾಕಿದ. ಪುರೋಹಿತರು ಅವನ ಮಣಿಕಟ್ಟು ಹಿಡಿದರು.

"ರೀ, ಮೊದ್ಲು ಕೈ ಇಳಿಸಿ!" ಹೆಂಡತಿ ಸುಧಾ ನನ್ನ ಎರಡೂ ಕೈಗಳನ್ನು ಅದುಮಿ ಹಿಡಿದಳು. ವಾದ್ಯ ನಿಂತಿತು. "ಇನ್ನೊಂದ್ಸಲ ಅಲ್ಲಾಡಿದ್ರೆ ಅಮ್ಮನ ಹತ್ರ ನೀವೇ ಮಾತಾಡ್ಕೊಳ್ಳಿ."

ಹನ್ನೆರಡು ನಿಮಿಷ ಕಲ್ಲಿನಂತೆ ನಿಂತೆ. ನೊಣ ಮರಳಿ ಬಂದು ಹುಬ್ಬಿನ ಮೇಲೆ ನಡೆದಾಡಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಹತ್ತು ನಲವತ್ತೆರಡು. "ಗಟ್ಟಿಮೇಳ, ಗಟ್ಟಿಮೇಳ!" ಎಂದರು ಪುರೋಹಿತರು. ಸುಧಾ ಹಿಡಿತ ಬಿಟ್ಟಳು. ಹೇಮಿಶ್ ನನ್ನ ಕೈಯನ್ನೇ ನೋಡಿದರು.

ಭಯಕ್ಕೆ ಕೈ ಏಳಲಿಲ್ಲ.

ತಾಳಿ ಮೌನದಲ್ಲೇ ಕಟ್ಟಲ್ಪಟ್ಟಿತು. ಆ ಮೌನದಲ್ಲಿ ಯಾರದೋ ಮೊಬೈಲ್ ಸ್ಪಷ್ಟವಾದ ಇಂಗ್ಲಿಷಿನಲ್ಲಿ ನುಡಿಯಿತು: "ನೀವು ದಾರಿ ತಪ್ಪಿದ್ದೀರಿ. ಸಾಧ್ಯವಾದ ಕೂಡಲೇ ಹಿಂದಿರುಗಿ."

"ಯಾರದದು?" ಅತ್ತೆ ಮೆಲ್ಲಗೆ ಕೇಳಿದರು.

ನನ್ನದು. ಬೆಳಿಗ್ಗೆ ಹೂವು ತರಲು ಹೋಗುವಾಗ ಹಾಕಿದ್ದ ಮ್ಯಾಪ್. ಆರಿಸಲೆಂದು ಅಂಗಿಯ ಜೇಬಿಗೆ ಕೈ ಎತ್ತಿದೆ.

ಬ್ಯಾಗ್‌ಪೈಪ್ ಮೊಳಗಿತು.

ಇಪ್ಪತ್ತು ವರ್ಷಗಳಲ್ಲಿ ನಾನು ತಪ್ಪಿಸಿದ ಡೆಡ್‌ಲೈನ್ ಅದೊಂದೇ. ಒಂದು ಸಲ ಬೇಗ, ಇನ್ನೊಂದು ಸಲ ತಡವಾಗಿ.